ಪರಪ್ಪ ಹಡಪದರ ಅಮೆರಿಕದ ಕತ್ತಿಗಳು

ಪರಪ್ಪ ಹಡಪದ ಅವರು ತೀರಿಕೊಂಡ ಎರಡನೆಯ ವಾರ ಲಂಡನ್ನಿನ ಕೆಂಟನ್ ಬಡಾವಣೆಯ ಒಂದು ಚರ್ಚ್ ಹಾಲಿನಲ್ಲಿ ಕನ್ನಡದವರು ಸೇರಿದ್ದೆವು. 2008ರ ಫೆಬ್ರವರಿ. ಐದು ಜನ ಮಾತಾಡಿದರು. ಸತ್ತವರ ಬಗ್ಗೆ ಆಡುವ ಮಾತುಗಳನ್ನೇ ಐವರೂ ಆಡಿದರು: ಸರಳ ಜೀವಿ, ಸಾಧು ಮನುಷ್ಯ, ಯಾರ ತಂಟೆಗೂ ಹೋದವರಲ್ಲ. ನಾಲ್ಕನೆಯವರಾಗಿ ಎದ್ದವರು ನನ್ನ ಗಂಡ, ಡಾಕ್ಟರ್ ವೇಣುಗೋಪಾಲ. "ನನ್ನ ಹಳೇ ಕ್ಷೌರದ ಕತ್ತಿಗಳಿಗೆ ಅವರ ಹಾಗೆ ಹದ ಕೊಡೋರು ಇಡೀ ಇಂಗ್ಲೆಂಡಲ್ಲಿ ಇರಲಿಲ್ಲ" ಎಂದು ಹೇಳಿ ಕಣ್ಣೊರೆಸಿಕೊಂಡರು. ಆ ಕಣ್ಣೀರು ನಾಟಕವಲ್ಲ, ನಾನು ಬಲ್ಲೆ. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಎದ್ದು ಮಾತಾಡಬೇಕಾದವಳು ನಾನು. ಆದರೆ ನಾನು ಕೂತು ಉಪ್ಪಿಟ್ಟು ತಿಂದು ಮನೆಗೆ ಬಂದೆ. ಅಲ್ಲಿ ಆಡದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ.

ಪರಪ್ಪನವರು ಹುಟ್ಟಿದ್ದು ಅಣ್ಣಿಗೇರಿಯಲ್ಲಿ, 1941ರಲ್ಲಿ. ಅವರ ಮನೆತನದ ಕೆಲಸ ಕ್ಷೌರ. ಹಡಪ ಎಂದರೆ ಕತ್ತಿ, ಕತ್ತರಿ, ಮಸೆಗಲ್ಲು ಇಟ್ಟುಕೊಳ್ಳುವ ಚರ್ಮದ ಚೀಲ. ಅದನ್ನು ಹೆಗಲಿಗೆ ಹಾಕಿಕೊಂಡು ಅವರ ತಂದೆ ಮನೆಮನೆಗೆ ಹೋಗುತ್ತಿದ್ದರಂತೆ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನನಗೆ ಈ ಅರ್ಥವೆಲ್ಲ ಗೊತ್ತಿರಲಿಲ್ಲ. ಹಡಪದ ಎನ್ನುವುದು ಯಾವುದೋ ಊರಿನ ಹೆಸರು ಇರಬೇಕು ಎಂದುಕೊಂಡಿದ್ದೆ. ಅವರೇ ಒಂದು ದಿನ, ಯಾವ ಸಂಕೋಚವೂ ಇಲ್ಲದೆ, ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದರು.

ಹದಿನಾಲ್ಕನೆಯ ವಯಸ್ಸಿಗೆ ಅವರು ಬೆಟಗೇರಿಯ ಆಸ್ಪತ್ರೆಗೆ ಸೇರಿದರು. ಆಪರೇಷನ್ನಿಗೆ ಮುಂಚೆ ರೋಗಿಗಳ ಹೊಟ್ಟೆಯನ್ನೋ ತಲೆಯನ್ನೋ ಬೋಳಿಸಿ ಕೊಡುವ ಕೆಲಸ. ಒಂದು ಗೀರೂ ಆಗದಂತೆ ಬೋಳಿಸುವ ಈ ಹುಡುಗನನ್ನು ಅಲ್ಲಿದ್ದ ಇಂಗ್ಲಿಷ್ ಸರ್ಜನ್ ಒಬ್ಬರು ಗಮನಿಸಿ ಥಿಯೇಟರಿನ ಒಳಗೆ ಕರೆದುಕೊಂಡರು, ಉಪಕರಣಗಳ ಜವಾಬ್ದಾರಿ ಕೊಟ್ಟರು. 1969ರಲ್ಲಿ ಆ ಸರ್ಜನ್ ಊರಿಗೆ ಮರಳುವಾಗ ಪರಪ್ಪನವರಿಗೂ ವಾಯವ್ಯ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಹುಡುಕಿಕೊಟ್ಟರು. ನೆಲಮಾಳಿಗೆಯಲ್ಲಿ ಸರ್ಜರಿಯ ಕತ್ತರಿ, ಚಿಮಟಗಳನ್ನು ತೊಳೆದು, ಕುದಿಸಿ, ಜೋಡಿಸಿ, ಕಟ್ಟಿ ಕಳಿಸುವ ವಿಭಾಗ. ಅಲ್ಲೇ ಮೂವತ್ತೇಳು ವರ್ಷ ಕಳೆದರು. ಕ್ವೀನ್ಸ್‌ಬರಿಯಲ್ಲಿ ಮನೆ, ಹೆಂಡತಿ ಕಾಶವ್ವ. ಮಕ್ಕಳಾಗಲಿಲ್ಲ.

ನನ್ನ ಗಂಡ ಅದೇ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ಸರ್ಜನ್. ಅವರ ಒಂದೊಂದು ಉಪಕರಣವೂ ಹದಿಮೂರು ವರ್ಷ ಪರಪ್ಪನವರ ಕೈಯಿಂದ ಹೋಗಿ ಬಂದಿತ್ತು, ಇಬ್ಬರಿಗೂ ಪರಿಚಯವಿರಲಿಲ್ಲ. 1992ರಲ್ಲಿ ಒಂದು ದಿನ ಲಿಫ್ಟಿನಲ್ಲಿ ಪರಪ್ಪನವರು ಇವರ ಎದೆಯ ಮೇಲಿನ ಹೆಸರು ಓದಿ, "ಸಾಹೇಬ್ರ, ತಾವು ನಮ್ಮ ಕಡೇದವರೇನ್ರಿ?" ಎಂದರಂತೆ. ನಮ್ಮ ಡಾಕ್ಟರರಿಗೆ ಸಾಹೇಬರು ಎನ್ನಿಸಿಕೊಂಡರೆ ಮುಗಿಯಿತು. ಮುಂದಿನ ಭಾನುವಾರವೇ ಹ್ಯಾರೋದ ನಮ್ಮ ಮನೆಗೆ ಊಟಕ್ಕೆ ಕರೆದರು. ಕಾಶವ್ವ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಅಂದಿನಿಂದ ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಆ ರೊಟ್ಟಿ ತಪ್ಪಲಿಲ್ಲ.

ಕತ್ತಿಯ ಗೀಳು ಶುರುವಾದದ್ದು 1994ರಲ್ಲಿ. ಕೆಂಟನ್ನಿನ ಒಂದು ಶಾಲೆಯ ಮೈದಾನದಲ್ಲಿ ಭಾನುವಾರ ಜನ ಕಾರಿನ ಡಿಕ್ಕಿ ತೆರೆದು ಹಳೆಯ ಸಾಮಾನು ಮಾರುತ್ತಿದ್ದರು. ಪರಪ್ಪನವರು ನಮ್ಮ ಜೊತೆ ಬಂದಿದ್ದರು. ತುಕ್ಕು ಹಿಡಿದ ಸ್ಪ್ಯಾನರುಗಳ ಡಬ್ಬಿಯೊಂದರಿಂದ ಮಡಚುವ ಕ್ಷೌರದ ಕತ್ತಿಯೊಂದನ್ನು ಎತ್ತಿಕೊಂಡರು. ಬಿಚ್ಚಿ, ಕಿವಿಯ ಹತ್ತಿರ ಹಿಡಿದು, ಅಲಗನ್ನು ಉಗುರಿನಿಂದ ಮೀಟಿದರು. ಸಣ್ಣಗೆ ಹಾಡಿತು. ಯಾರೋ ಹೆಸರು ಹಿಡಿದು ಕರೆದಂತೆ ಅವರು ಸುತ್ತಮುತ್ತ ನೋಡಿದರು.

"ಇದು ಶೆಫೀಲ್ಡಿಂದಲ್ರಿ. ಜರ್ಮನಿದೂ ಅಲ್ಲ. ಈ ದನಿ ನಾ ಕೇಳೇ ಇಲ್ಲ" ಎಂದರು.

ಅಲಗಿನ ಬುಡದಲ್ಲಿ ಸವೆದ ಅಕ್ಷರಗಳಿದ್ದವು: ಮೆರಿಲ್ ಅಂಡ್ ಡೌ, ನ್ಯೂಯಾರ್ಕ್ ರಾಜ್ಯದ ಯಾವುದೋ ಸಣ್ಣ ಊರು. ಅಮೆರಿಕದ್ದು.

ಇಂಗ್ಲೆಂಡಿನಲ್ಲಿ ಹಳೆಯ ಕತ್ತಿ ಕೂಡಿಸುವವರು ಅಲ್ಲಿಯದೇ ಉಕ್ಕಿನ ಊರಾದ ಶೆಫೀಲ್ಡಿನ ಮಾಲಿನ ಬೆನ್ನು ಹತ್ತುತ್ತಾರೆ. ಪರಪ್ಪನವರು ಅಮೆರಿಕದ್ದಕ್ಕೇ ಬಿದ್ದರು. "ಶೆಫೀಲ್ಡಿನವರದು ಎಲ್ಲಾರಿಗೂ ಗೊತ್ತೈತ್ರಿ. ಇವರು ಯಾರಂತ ಕೇಳವರ ಇಲ್ಲ" ಎನ್ನುತ್ತಿದ್ದರು. ಸಂತೆ, ಹರಾಜು, ಮುದುಕರ ಮನೆ ಖಾಲಿ ಮಾಡುವ ಅಂಗಡಿ, ಎಲ್ಲೂ ಬಿಡಲಿಲ್ಲ. ಕತ್ತಿಗಳ ಜೊತೆಗೆ ಕತೆಗಳೂ ಬಂದವು. ಅಮೆರಿಕದವರು ಮೊದಲು ಇಂಗ್ಲೆಂಡಿನ ಕತ್ತಿಯಲ್ಲೇ ಗಡ್ಡ ಬೋಳಿಸುತ್ತಿದ್ದರು. 1890ರಲ್ಲಿ ಹೊರದೇಶದ ಮಾಲಿನ ಮೇಲೆ ಅಮೆರಿಕ ಭಾರಿ ಸುಂಕ ಹೇರಿತು, ಮಾಲಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂದಿತು. ಆಮೇಲೆ ಅಲ್ಲಿಯ ಕಾರ್ಖಾನೆಗಳು ಬೆಳೆದವು, ಜರ್ಮನಿಯಿಂದ ಸಾಣೆ ಹಿಡಿಯುವವರು ಹಡಗು ಹತ್ತಿ ಬಂದರು. ಬ್ಲೇಡು ಸಿಕ್ಕಿಸುವ ಸೇಫ್ಟಿ ರೇಜರ್ ಬಂದದ್ದೇ ತಡ, ಈ ಕಾರ್ಖಾನೆಯವರೆಲ್ಲ ಒಬ್ಬೊಬ್ಬರಾಗಿ ಬಾಗಿಲು ಹಾಕಿದರು. ಇದನ್ನೆಲ್ಲ ಪರಪ್ಪನವರು ಕಾಲೇಜ್ ನೋಟ್‌ಬುಕ್ಕುಗಳಲ್ಲಿ ಮೋಡಿ ಲಿಪಿಯಂತೆ ಕೂಡಿಸಿ ಗೀಚಿದ ಕನ್ನಡದಲ್ಲಿ ಬರೆದಿಡುತ್ತಿದ್ದರು. ಲೈಬ್ರರಿಯಿಂದ ಇಂಗ್ಲಿಷ್ ಪುಸ್ತಕ ತಂದು ಬೆರಳಿಟ್ಟು ಓದುತ್ತಿದ್ದರು, ಆದರೆ ಇಂಗ್ಲಿಷಿನಲ್ಲಿ ಬರೆಯಲು ಕೈ ಏಳುತ್ತಿರಲಿಲ್ಲ.

ನನ್ನ ಗಂಡನಿಗೂ ಈ ಹುಚ್ಚು ಅಂಟಿಸಿದವರು ಅವರೇ. ಸರ್ಜನ್ನರ ಕೈಗೆ ಕತ್ತಿ ಹೊಸದೇ? ಇವರೂ ಕೊಂಡರು, ಗಾಜಿನ ಬೀರು ಮಾಡಿಸಿದರು. ಮಸೆಯುವುದು, ಚರ್ಮದ ಪಟ್ಟಿಗೆ ಎಳೆಯುವುದು, ತುಕ್ಕು ತೆಗೆಯುವುದು ಎಲ್ಲ ಪರಪ್ಪನವರ ಪಾಲಿಗೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು.

ನನ್ನ ಪಾಲು ಟೈಪಿಂಗ್. ಭಾನುವಾರ ಮಧ್ಯಾಹ್ನ ಪರಪ್ಪನವರು ನೋಟ್‌ಬುಕ್ ತೆರೆದು ಓದುವರು, ನಾನು ಇಂಗ್ಲಿಷಿಗೆ ತಿರುಗಿಸಿ ಕಾಗದ ಟೈಪ್ ಮಾಡುವೆ. ಅಮೆರಿಕದ ಸಣ್ಣ ಸಣ್ಣ ಊರಿನ ಲೈಬ್ರರಿಗಳಿಗೆ, ಊರಿನ ಚರಿತ್ರೆ ಕಾಪಾಡುವ ಸಂಘಗಳಿಗೆ, ಕತ್ತಿ ಮಾಡಿದವರ ಮೊಮ್ಮಕ್ಕಳಿಗೆ. ಮೊದಲ ಕಾಗದ ಮುಗಿದಾಗ ಕೆಳಗೆ ಅವರ ಹೆಸರು ಹಾಕಲು ಹೋದೆ. ಅವರು ಕೈ ಅಡ್ಡ ಹಿಡಿದರು. ತಮ್ಮ ಕಡೆಯ ರೂಢಿಯಂತೆ ನನ್ನನ್ನು ಬಾಯಾರ, ಎಂದರೆ ಅಮ್ಮನವರೇ, ಎಂದೇ ಕರೆಯುತ್ತಿದ್ದರು.

"ಬ್ಯಾಡ್ರಿ ಬಾಯಾರ. ಪರಪ್ಪ ಅಂತ ಇದ್ರ ಯಾರು ಉತ್ತರ ಕೊಡ್ತಾರ್ರಿ? ಡಾಕ್ಟರ ಸಾಹೇಬರ ಸಹಿ ಹಾಕಸ್ರಿ. ದೊಡ್ಡವರ ಹೆಸರಿಗೆ ಕಾಗದ ಲಗೂನ ಬರ್ತೈತಿ."

"ನಿಮ್ಮ ಕೆಲಸಕ್ಕೆ ನಿಮ್ಮ ಹೆಸರು ಬೇಡವೇ?" ಎಂದೆ.

"ಕಾಗದಕ್ಕ ಯಾರ ಹೆಸರಿದ್ರೇನ್ರಿ. ಸುದ್ದಿ ಬಂದ್ರ ಸಾಕು."

ಅಲ್ಲೇ ತಪ್ಪಿತು. ಇಂಥ ತಪ್ಪು ನಮ್ಮಂಥವರು ಮಾಡುವುದಿಲ್ಲ. ಮನೆಗೆ ಬಂದ ಸಾಹೇಬರಿಗೆ ಕುರ್ಚಿ ಬಿಟ್ಟುಕೊಟ್ಟು ತಾವು ನಿಲ್ಲುವವರು ಮಾತ್ರ ಮಾಡುತ್ತಾರೆ. ನಾನು ಆಗಲೇ ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಏಳೆಂಟು ವರ್ಷದಲ್ಲಿ ಇನ್ನೂರು ಕಾಗದ ಹೋಗಿರಬೇಕು, ಪ್ರತಿಯೊಂದರ ಕೆಳಗೂ ನನ್ನ ಗಂಡನ ಸಹಿ. ಬಂದ ಉತ್ತರಗಳೆಲ್ಲ "ಡಿಯರ್ ಡಾಕ್ಟರ್ ವೇಣುಗೋಪಾಲ್" ಎಂದೇ ಶುರುವಾಗುತ್ತಿದ್ದವು.

1997ರಲ್ಲಿ ಒಂದು ಭಾನುವಾರ ಪರಪ್ಪನವರು ನನ್ನ ಊಟದ ಮೇಜಿನ ಮೇಲೆ ಪೇಪರು ಹಾಸಿ ಏಳು ಕತ್ತಿ ಸಾಲಾಗಿ ಇಟ್ಟರು. ನಾಲ್ಕು ಬೇರೆ ಬೇರೆ ಕಂಪನಿಗಳ ಹೆಸರು ಹೊತ್ತವು.

"ಈ ಏಳೂ ಒಬ್ಬನ ಕೈಯಾಗ ಹುಟ್ಟ್ಯಾವ್ರಿ" ಎಂದರು.

ನನ್ನ ಗಂಡ ನಕ್ಕರು. "ಏನ್ ಪರಪ್ಪ, ಹೆಸರು ನಾಲ್ಕಿದೆಯಲ್ಲ."

"ಹೆಸರು ಮಾರಾವರದು ಸಾಹೇಬ್ರ. ಇಲ್ಲಿ ನೋಡ್ರಿ." ಅಲಗಿನ ಬೆನ್ನಿನ ಹತ್ತಿರ ಭೂತಗನ್ನಡಿ ಹಿಡಿದರು. ಸಾಣೆಕಲ್ಲಿನ ಕೂದಲೆಳೆಯಂಥ ಗೆರೆಗಳು. "ಎಲ್ಲಾ ಕತ್ತ್ಯಾಗ ಗೆರಿ ಈ ಕಡೆ ವಾಲ್ತಾವು. ಈ ಏಳರಾಗ ಆ ಕಡೆ. ಇವ ಎಡಚ ಇದ್ದಾನ್ರಿ. ನಮ್ಮ ಕಾಕಾ ಎಡಚ ಇದ್ದ. ಅವ ಮಸದ ಕತ್ತಿ ನಮ್ಮಪ್ಪನ ಕೈಗೆ ಹೊಂದತಿದ್ದಿಲ್ಲ, ದಿನಾ ಜಗಳ. ಅದಕ್ಕ ನನಗ ಗೊತ್ತು."

ಯಾವ ಪುಸ್ತಕದಲ್ಲೂ ಇರದ ಸಂಗತಿ ಅದು. ಪ್ರೊಫೆಸರರಿಗೆ ಹೊಳೆಯದ್ದು, ಅಪ್ಪ-ಕಾಕಾರ ಜಗಳ ನೋಡಿ ಬೆಳೆದವನಿಗೆ ಹೊಳೆಯಿತು. ಆ ಎಡಚ ಯಾರು ಎಂದು ಹುಡುಕುತ್ತ ನಾಲ್ಕು ವರ್ಷ ಕಾಗದ ಬರೆದೆವು. 2001ರ ಬೇಸಿಗೆಯಲ್ಲಿ, ಅಮೆರಿಕದ ಆ ಸಣ್ಣ ಊರಿನ ಸಂಘದ ಹೆಂಗಸೊಬ್ಬರು ಮೆರಿಲ್ ಅಂಡ್ ಡೌ ಕಾರ್ಖಾನೆಯ ಕೆಲಸಗಾರರ ಪಟ್ಟಿಯ ನಕಲು ಕಳಿಸಿದರು. ಅದರಲ್ಲಿ ಒಂದು ಸಾಲು: ಆಗಸ್ಟ್ ವೆಲ್ನರ್, ಸಾಣೆ ಹಿಡಿಯುವವನು, ಎಡಗೈ, ಉತ್ತರದ ಕಿಟಕಿಯ ಹತ್ತಿರ ಬೇರೆ ಬೆಂಚು.

ನಾನು ಓದಿ ಹೇಳಿದೆ. ಪರಪ್ಪನವರು ಆ ಹೆಸರನ್ನು ಮೂರು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಅಳು ಬಂತು. "ಒಂದು ಕತ್ತಿ ಮ್ಯಾಲೂ ಇವನ ಹೆಸರಿಲ್ರಿ ಬಾಯಾರ. ಆಯುಷ್ಯ ಪೂರ್ತಿ ಇನ್ನೊಬ್ಬರ ಹೆಸರಿನ್ಯಾಗ ದುಡದ."

ನನ್ನ ಗಂಡ ಅವರ ಬೆನ್ನು ತಟ್ಟಿದರು. "ಪುಸ್ತಕ ಮಾಡೋಣ ಪರಪ್ಪ. ಅಮೆರಿಕದ ಕತ್ತಿ ಮಾಡಿದೋರ ಚರಿತ್ರೆ. ಇಬ್ಬರ ಹೆಸರೂ ಹಾಕೋಣ."

"ನನ್ನ ಹೆಸರೂ ಏನ್ರಿ?"

"ಮತ್ತೆ? ನಿಮ್ಮದೇ ಮೊದಲು."

ಆ ಮಾತು ಅವರನ್ನು ಹಿಡಿದುಬಿಟ್ಟಿತು. ಅಣ್ಣಿಗೇರಿಯ ತಮ್ಮನಿಗೆ ಫೋನ್ ಮಾಡಿ ಹೇಳಿದರು. ನೆಲಮಾಳಿಗೆಯ ಜೊತೆಗಾರರಿಗೆ ಹೇಳಿದರು. ಕಾಶವ್ವ ನನ್ನ ಕಿವಿಯಲ್ಲಿ, "ನಮಗ ಮಕ್ಕಳಿಲ್ಲಲ್ರಿ. ಹೆಸರು ಉಳಿಯಾಕ ಒಂದು ಪುಸ್ತಕರ ಆತು ಅಂತಾರ" ಎಂದಳು.

ಎರಡು ವರ್ಷ ಹದಿನಾರು ನೋಟ್‌ಬುಕ್ಕುಗಳನ್ನು ಇಂಗ್ಲಿಷಿಗೆ ತಿರುಗಿಸಿದೆ. ಎಡಚನ ಅಧ್ಯಾಯವನ್ನು ಪರಪ್ಪನವರ ಬಾಯಿಂದ ಬಂದ ಹಾಗೇ ಇಳಿಸಿದೆ. "ನಾವು ಗಮನಿಸಿದೆವು" ಎಂದು ಟೈಪ್ ಮಾಡಿದ್ದೆ. 2003ರ ಚಳಿಗಾಲದಲ್ಲಿ ನನ್ನ ಗಂಡ ಆ ಹಾಳೆಗಳ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟರು. ಎಲ್ಲಾ ಕಡೆ "ನಾವು" ಹೊಡೆದುಹಾಕಿ "ನಾನು" ಎಂದಿತ್ತು.

"ಇದೇನ್ರೀ ಇದು?" ಎಂದೆ.

"ಪಬ್ಲಿಷರು ಒಬ್ಬರ ಹೆಸರೇ ಇರಲಿ ಅಂದ್ರು. ಕಾಗದಪತ್ರ ಎಲ್ಲಾ ನನ್ನ ಹೆಸರಲ್ಲೇ ಇದೆಯಲ್ಲ. ಪರಪ್ಪಂಗೆ ಮುಂದೆ ಒಂದು ಥ್ಯಾಂಕ್ಸ್ ಹಾಕ್ತೀನಿ. ಅವರು ಏನೂ ಅಂದ್ಕೊಳ್ಳಲ್ಲ ಬಿಡು."

ಆ ವರ್ಷವೇ ನನ್ನ ಗಂಡ ಆಸ್ಪತ್ರೆಯಿಂದ ನಿವೃತ್ತರಾಗಿದ್ದರು. ಬೆಳಿಗ್ಗೆ ಎದ್ದು ಟೈ ಕಟ್ಟಿಕೊಂಡು ಎಲ್ಲಿಗೂ ಹೋಗದೆ ಕೂರುತ್ತಿದ್ದರು. ಪಾಪ ಎನ್ನಿಸಿತು ಎಂದು ಬರೆದರೆ ನನಗೆ ಒಳ್ಳೆಯ ಹೆಸರು ಬರುತ್ತದೆ. ನಿಜ ಹೇಳಬೇಕೆಂದರೆ, ಗಂಡನ ಹೆಸರು ಪುಸ್ತಕದ ಮೇಲೆ ಒಂಟಿಯಾಗಿ ಬಂದರೆ ನನಗೂ ಖುಷಿಯೇ ಆಗುತ್ತಿತ್ತು. ಕೂತು ನನ್ನ ಕೈಯಿಂದಲೇ "ನಾವು" ಅಳಿಸಿ "ನಾನು" ಎಂದು ಟೈಪ್ ಮಾಡಿದೆ. ನಮ್ಮ ಮಗಳು ವಿಭಾ ಯೂನಿವರ್ಸಿಟಿಯಿಂದ ರಜೆಗೆ ಬಂದವಳು ಭುಜದ ಮೇಲಿಂದ ಓದಿ, "ಮಮ್, ದಿಸ್ ಈಸ್ ಪರಪ್ಪ ಅಂಕಲ್ಸ್ ಸ್ಟಫ್" ಎಂದಳು. "ನಿನಗೆ ಗೊತ್ತಾಗಲ್ಲ, ಸುಮ್ಮನಿರು" ಎಂದು ಗದರಿದೆ. ಅವಳಿಗೆ ಗೊತ್ತಾಗಿತ್ತು, ಅದಕ್ಕೇ ಗದರಿದ್ದು.

ಪುಸ್ತಕ 2004ರ ಮೇ ತಿಂಗಳಲ್ಲಿ ಬಂತು. ಒಂದೇ ಹೆಸರು. ಒಳಗಡೆ, ಸಣ್ಣ ಅಕ್ಷರದಲ್ಲಿ, ಲೈಬ್ರರಿಗಳ ಪಟ್ಟಿಯೆಲ್ಲ ಮುಗಿದ ಮೇಲೆ: "ವಂಶಪಾರಂಪರ್ಯವಾಗಿ ಕ್ಷೌರಿಕರಾದ, ನನ್ನ ಕತ್ತಿಗಳನ್ನು ಹರಿತವಾಗಿಟ್ಟ ಪರಪ್ಪ ಅವರಿಗೆ." ಆ ಸಾಲು ನಾನು ಟೈಪ್ ಮಾಡಿದ್ದಲ್ಲ. ಕೊನೆಯಲ್ಲಿ ಇವರೇ ಸೇರಿಸಿದ್ದು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದ ಮನುಷ್ಯನನ್ನು ಮತ್ತೆ ಹಡಪ ಹೊರಿಸಿ ಅಣ್ಣಿಗೇರಿಗೆ ಅಟ್ಟಿದ ಹಾಗಾಯಿತು. ಕೆಲಸದ ಬಗ್ಗೆ ಅವರಿಗೆ ನಾಚಿಕೆಯಿರಲಿಲ್ಲ. ಆದರೆ ನಂಬಿ ಹೇಳಿದ ಮಾತನ್ನು ಅವರ ಹೆಸರಿನ ಬದಲಿಗೆ ಬಳಸಿದ್ದು ನೀಚತನ, ಅದಕ್ಕೆ ಬೇರೆ ಶಬ್ದ ನನಗೆ ಸಿಗುವುದಿಲ್ಲ.

ನನ್ನ ಗಂಡ ಪುಸ್ತಕವನ್ನು ಅವರಿಗೆ ಕೊಡಲಿಲ್ಲ. "ಕೊಡೋಣ, ಕೊಡೋಣ" ಎನ್ನುತ್ತಲೇ ಇದ್ದರು. ಪರಪ್ಪನವರು ಅದನ್ನು ಮೊದಲು ನೋಡಿದ್ದು ಕತ್ತಿ ಕೂಡಿಸುವವರ ಕ್ಲಬ್ಬಿನಲ್ಲಿ. ಹಾಲ್ಬರ್ನಿನ ಒಂದು ಪಬ್ಬಿನ ಮೇಲ್ಮಹಡಿಯಲ್ಲಿ ಎರಡು ತಿಂಗಳಿಗೊಮ್ಮೆ ಅವರು ಸೇರುತ್ತಿದ್ದರು. ಜೂನಿನ ಆ ಶನಿವಾರ ಮಧ್ಯಾಹ್ನ ನನ್ನ ಗಂಡನ ಭಾಷಣ. ಪರಪ್ಪನವರು ಸೂಟು ಹಾಕಿಕೊಂಡು ಬಂದಿದ್ದರು. ಕಾಶವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಇಬ್ಬರ ಹೆಸರೂ ಕರೆಯುತ್ತಾರೆ ಎಂದು ಬಂದಿದ್ದರು.

ಬಾಗಿಲ ಬಳಿ ಮೇಜಿನ ಮೇಲೆ ಪುಸ್ತಕಗಳಿದ್ದವು. ಪರಪ್ಪನವರು ಒಂದನ್ನು ಎತ್ತಿಕೊಂಡರು. ಮುಖಪುಟ ನೋಡಿದರು, ಬೆನ್ನು ನೋಡಿದರು, ಮೊದಲ ಹಾಳೆಗಳನ್ನು ತಿರುವಿದರು. ಬೆರಳಿಟ್ಟು ಓದುತ್ತ ಆ ಸಾಲಿಗೆ ಬಂದು ನಿಂತರು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ, ಹತ್ತಿರ ಹೋಗಲಿಲ್ಲ.

ಭಾಷಣ ಮುಗಿದ ಮೇಲೆ ಒಬ್ಬ ವಯಸ್ಸಾದ ಇಂಗ್ಲಿಷಿನವನು ಕೇಳಿದ, ಎಡಗೈ ಎಂದು ಗೊತ್ತಾದದ್ದು ಹೇಗೆ? ನನ್ನ ಗಂಡ ಗೆರೆಗಳು ಎಂದರು. ಯಾವ ಕಡೆಗೆ ವಾಲುತ್ತವೆ ಎಂದು ಅವನು ಬಿಡದೆ ಕೇಳಿದ. ಇವರು ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡರು, ನೆನಪಾಗಲಿಲ್ಲ. ಆಗ ಪರಪ್ಪನವರು ಎದ್ದು ನಿಂತರು. ಮುರುಕು ಇಂಗ್ಲಿಷಿನಲ್ಲಿ, ನಿಧಾನವಾಗಿ, ಎಲ್ಲವನ್ನೂ ಹೇಳಿದರು. ಕೊನೆಗೆ, "ಇದು ನಾನು ಕಂಡದ್ದು. ಪುಸ್ತಕ ನನ್ನದೂ ಹೌದು" ಎಂದರು.

ಅಧ್ಯಕ್ಷರು ಒಳ್ಳೆಯ ಮನುಷ್ಯ. ಮೆತ್ತಗೆ ಕೇಳಿದರು: "ನೀವು ಹರಿತ ಮಾಡಿಕೊಡುವವರಲ್ಲವೇ? ನಿಮ್ಮ ಹೆಸರಿನಲ್ಲಿ ಒಂದು ಕಾಗದವೇನಾದರೂ ಇದೆಯೇ?"

ಕಾಗದ ಎಲ್ಲಿಂದ ಬರಬೇಕು? ಪರಪ್ಪನವರು ನನ್ನ ಕಡೆ ತಿರುಗಿದರು. ಇಂಗ್ಲಿಷು ಬಿಟ್ಟು ಕನ್ನಡದಲ್ಲೇ ಕೇಳಿದರು.

"ಬಾಯಾರ, ನೀವರ ಹೇಳ್ರಿ."

ಇಡೀ ಕೋಣೆ ನನ್ನನ್ನು ನೋಡಿತು. ನನ್ನ ಗಂಡನೂ ನೋಡಿದರು. ನಾನು ಎದ್ದು, ಒಳ್ಳೆಯ ಇಂಗ್ಲಿಷಿನಲ್ಲಿ, ನಗುತ್ತ ಹೇಳಿದೆ: "ನಾನು ಬರೀ ಟೈಪ್ ಮಾಡಿದವಳು. ಇಬ್ಬರೂ ಹಳೆಯ ಸ್ನೇಹಿತರು."

ಜನ ನಕ್ಕರು. ಪರಪ್ಪನವರು ಕೂತರು. ಸ್ವಲ್ಪ ಹೊತ್ತಿಗೆ ಕಾಶವ್ವನ ಜೊತೆ ಎದ್ದು ಹೋದರು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಹನ್ನೆರಡು ವರ್ಷ ಅವರ ರೊಟ್ಟಿ ಉಂಡು ನಾನು ಮಾಡಿದ್ದು ಅದನ್ನೇ.

ಆ ಭಾನುವಾರ ಅವರು ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. "ಸಿಟ್ಟು ಇಳಿದ ಮೇಲೆ ಬರ್ತಾರೆ" ಎಂದು ನನ್ನ ಗಂಡ ಮಸೆಯಬೇಕಾದ ನಾಲ್ಕು ಕತ್ತಿ ಎತ್ತಿಟ್ಟುಕೊಂಡು ಕಾದರು. ಇಂಥ ಗಂಡಸರಿಗೆ ಏನು ಹೇಳಬೇಕು?

ಸೆಪ್ಟೆಂಬರಿನಲ್ಲಿ ನಾನು ಕ್ಲಬ್ಬಿನ ಅಧ್ಯಕ್ಷರಿಗೆ ಒಂದು ಕಾಗದ ಟೈಪ್ ಮಾಡಿದೆ. ನೋಟ್‌ಬುಕ್ಕುಗಳು ಪರಪ್ಪನವರವು, ಕಾಗದಗಳ ಪ್ರಶ್ನೆಗಳು ಅವರವು, ಎಡಗೈ ಸಾಣೆಯವನನ್ನು ಕಂಡುಹಿಡಿದವರು ಅವರು, ನಾನು ಸಾಕ್ಷಿ. ಕೆಳಗೆ ನನ್ನ ಸಹಿ. ಆ ಕಾಗದವನ್ನೂ ಹದಿನಾರು ನೋಟ್‌ಬುಕ್ಕುಗಳನ್ನೂ ಚೀಲಕ್ಕೆ ಹಾಕಿಕೊಂಡು ಕ್ವೀನ್ಸ್‌ಬರಿಗೆ ಹೋದೆ.

ಕಾಶವ್ವ ಬಾಗಿಲು ತೆರೆದು ಒಳಗೆ ಹೋದಳು. ಪರಪ್ಪನವರು "ಬರ್ರಿ" ಎಂದು ಕುರ್ಚಿ ತೋರಿಸಿದರು. ಗೋಡೆಯ ಕಪಾಟಿನಲ್ಲಿ ಕತ್ತಿಗಳಿರಲಿಲ್ಲ. ಎಲ್ಲಿ ಎಂದು ಕೇಳಿದೆ. ಮ್ಯಾಲ ಅಟ್ಟದಾಗ ಇಟ್ಟೀನಿ ಎಂದರು. ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತೆಗೆದು ನೋಡಿ ಪಕ್ಕಕ್ಕಿಟ್ಟರು. ನಾನು ಕಾಗದ ಕೊಟ್ಟೆ. ಬೆರಳಿಟ್ಟು ಕೊನೆಯವರೆಗೂ ಓದಿದರು, ನನ್ನ ಸಹಿಯ ಮೇಲೆ ಬೆರಳು ನಿಲ್ಲಿಸಿದರು.

"ಛಲೋ ಬರದೀರಿ. ಡಾಕ್ಟರ ಸಾಹೇಬ್ರು ನೋಡ್ಯಾರೇನ್ರಿ ಇದನ್ನ?"

"ಇಲ್ಲ."

"ಅವರಿಗೆ ಗೊತ್ತಿಲ್ಲದಂಗ ಕಳಸ್ತೀರೇನ್ರಿ?"

ಅವರು ಕಾಗದವನ್ನು ಬಂದ ಮಡಿಕೆಯಲ್ಲೇ ಮಡಚಿ ನನ್ನ ಕೈಗಿಟ್ಟರು.

"ನನಗ ಕಳ್ಳತನದಾಗ ಹೆಸರು ಬ್ಯಾಡ್ರಿ. ಅವರ ಮುಂದ ಒಮ್ಮೆ ಓದ್ರಿ. ಆಮ್ಯಾಲ ಪೋಸ್ಟಿಗೆ ಹಾಕ್ರಿ. ಅಷ್ಟು ಮಾಡ್ರಿ ಬಾಯಾರ. ಮತ್ತೇನೂ ಕೇಳಂಗಿಲ್ಲ."

"ಇವತ್ತೇ ಓದುತ್ತೇನೆ" ಎಂದೆ.

ಬಸ್ಸಿನಲ್ಲಿ ಹೇಗೆ ಶುರು ಮಾಡಬೇಕೆಂದು ಮಾತು ಜೋಡಿಸಿಕೊಂಡೇ ಬಂದೆ. ಮನೆಯಲ್ಲಿ ನನ್ನ ಗಂಡ ಕ್ರಿಕೆಟ್ ನೋಡುತ್ತಿದ್ದರು. ತಿರುಗಿ ಕೂಡ ನೋಡದೆ, "ಎಲ್ಲಿಗೆ ಹೋಗಿದ್ದೆ?" ಎಂದರು.

"ಕ್ವೀನ್ಸ್‌ಬರಿಗೆ" ಎಂದೆ. "ಮೆಂತ್ಯ ಸೊಪ್ಪು ತರೋಣ ಅಂತ. ಸಿಗಲಿಲ್ಲ."